ಸೇಡಂ ಶಾಲೆಯ ಸಮುದ್ರ

ಅಲೆಯ ಸದ್ದನ್ನೇ ಕೇಳದ ಊರಿನಲ್ಲಿ ಕಡಲನ್ನು ಕಲಿಸಹೊರಟವಳ ಸುತ್ತ ನಗುವಂಥ ಸಂಗತಿಗಳು ತಾವಾಗಿಯೇ ಬಂದು ಸೇರುತ್ತವೆ. ನಾನು ಅವನ್ನು ಕರೆದವಳಲ್ಲ. ಹೆದರಿ ಪಾಠ ಬಿಟ್ಟವಳೂ ಅಲ್ಲ.

ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ಹೊಸತು. ಸೇಡಂನ ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ವಿಜ್ಞಾನದ ಶಿಕ್ಷಕಿ. ರಾಮೇಶ್ವರದಲ್ಲಿ ಸೊಂಟದಾಳದ ನೀರಿನಲ್ಲಿ ನಿಂತು, ಬೆಸ್ತರು ಕೊಟ್ಟ ಗಾಜಿನ ತಳದ ಪೆಟ್ಟಿಗೆಯಿಂದ ಹವಳದ ದಿಬ್ಬವನ್ನು ನೋಡಿ ಬಂದಿದ್ದೆ. ಗಿಣಿಮೂತಿಯ ಮೀನುಗಳು ಅದನ್ನು ಕಟಕಟನೆ ಕಡಿಯುತ್ತಿದ್ದವು. ಕಂಡದ್ದನ್ನೇ ಪಾಠ ಮಾಡಿದೆ.

೧. ಕೊರಳ ಹವಳ

ಮರುದಿನ ಶಾಲಾ ಸಮಿತಿಯ ಅಧ್ಯಕ್ಷರ ಹೆಂಡತಿ ಹವಳ ಪೋಣಿಸಿದ ತಾಳಿ ಹಿಡಿದುಕೊಂಡೇ ಬಂದರು. ಅವರ ಮಗಳು ನನ್ನ ತರಗತಿಯವಳು.

"ಅಕ್ಕಾರ, ಹವಳಂದ್ರ ಹುಳದ ಎಲುಬಂತ. ಖರೇ ಏನ್ರಿ?"

"ಪುಟ್ಟ ಪ್ರಾಣಿ ಕಟ್ಟಿದ ಗೂಡು. ಎಲುಬೆಂದರೂ ತಪ್ಪಿಲ್ಲ."

"ಶಿವ ಶಿವಾ! ತತ್ತಿ ಹೆಸರು ಸೈತ ಎತ್ತದ ಮನಿ ನಮ್ದು. ಎಲುಬು ಕಟ್ಕೊಂಡು ಲಿಂಗಪೂಜಿ ಮಾಡಾಕತ್ತೀನಲ್ರಿ! ಮುತ್ತಾದ್ರ ನಡೀತದೇನ್ರಿ?"

"ಮುತ್ತು ಸಿಂಪಿನೊಳಗಿನ ಪ್ರಾಣಿಯದು."

ಅವರ ಕೈ ಮುತ್ತಿನ ಮೂಗುತಿಗೆ ಹೋಯಿತು, ಅಲ್ಲಿಂದ ಬಂಗಾರದ ಬಳೆಗೆ.

"ಸಾಕ್ರಿ ಅಕ್ಕಾರ. ಬಂಗಾರದ ಪಾಠ ಮಾತ್ರ ಮಾಡಬ್ಯಾಡ್ರಿ!"

೨. ಕೆಸರು

ಸಂಜೆ ಅಧ್ಯಕ್ಷರೇ ಬಂದರು. ಅವರದು ನೆಲಕ್ಕೆ ಹಾಸುವ ಶಹಾಬಾದಿನ ಫರಸಿ ಕಲ್ಲಿನ ವ್ಯಾಪಾರ.

"ಇಲ್ಲಿಂದ ಚಿಂಚೋಳಿ ತನಕ ಹುಡುಕಿದ್ರೂ ಸಮುದ್ರ ಎಲ್ಲಿ ಅದರಿ? ಇದನ್ನ ಬಂದ್ ಮಾಡಿ ಹೊಲಿಗಿ, ಹೆಣಿಕಿ ಕಲಿಸ್ರಿ. ಇನ್ಸ್‌ಪೆಕ್ಟರ್ ಸಾಹೇಬ್ರು ಸಾಲಿ ನೋಡಾಕ ಬರೋರಿದ್ದಾರ. ಅವ್ರು ಬ್ಯಾಡಂದ್ರ ಮುಗೀತು."

"ಅವರೆದುರೂ ಇದೇ ಪಾಠ ಮಾಡುತ್ತೇನೆ. ನೀವು ಮಾರುವ ಫರಸಿಯೇ ಒಂದು ಕಾಲಕ್ಕೆ ಸಮುದ್ರದ ತಳದ ಕೆಸರು."

ಅವರು ಬಾಗಿಲತ್ತ ನೋಡಿ ದನಿ ತಗ್ಗಿಸಿದರು.

"ಕೆಸರಂತ ಜೋರಾಗಿ ಅನ್ನಬ್ಯಾಡ್ರಿ. ವಾಡಿ ಊರಿಂದ ಬಂದ ಗಿರಾಕಿ ಹೊರಗ ಕುಂತಾನ!"

೩. ಬಾವಿಯ ತಳ

ಇನ್ಸ್‌ಪೆಕ್ಟರರು ಬಂದ ದಿನ ಎಣ್ಣೆಡಬ್ಬಿಯ ತಳ ಕತ್ತರಿಸಿ, ಗಾಜು ಕೂಡಿಸಿ, ಅರಗು ಮೆತ್ತಿ, ಶಾಲೆಯ ಹಿಂದಿನ ಮೆಟ್ಟಿಲುಬಾವಿಗೆ ಎಲ್ಲರನ್ನೂ ಕರೆದೊಯ್ದೆ. ತಾಯಂದಿರೂ ಬಂದಿದ್ದರು. ಬೇಸಿಗೆಯ ನೀರು ಕಡಿಮೆಯಿತ್ತು, ತಿಳಿಯಾಗಿತ್ತು. ಇನ್ಸ್‌ಪೆಕ್ಟರರು ಕೋಟಿನ ಸಮೇತ ಮೆಟ್ಟಿಲ ಮೇಲೆ ಬೋರಲು ಮಲಗಿ, ಡಬ್ಬಿಯನ್ನು ನೀರಿಗೆ ಒತ್ತಿ ನೋಡಿದರು.

"ವಾಹ್! ಮೀನಿನ ಕಣ್ಣ ಸೈತ ಕಾಣಾಕತ್ಯಾವ!"

ಅಧ್ಯಕ್ಷರೂ ಬಗ್ಗಿದರು. ಮರುಕ್ಷಣವೇ ಡಬ್ಬಿ ಎತ್ತಿಬಿಟ್ಟರು.

"ಏನಿಲ್ರಿ ಸಾಹೇಬ್ರ, ಬರೇ ರಾಡಿ. ಪಾಠ ಬಂದ್ ಮಾಡಸ್ರಿ."

"ರಾಡಿಯೋ ಅಲ್ಲವೋ, ನಿಮ್ಮ ಮಗಳೇ ಹೇಳಲಿ," ಎಂದು ಡಬ್ಬಿಯನ್ನು ಅವರ ಕೈಯಿಂದ ತೆಗೆದುಕೊಂಡೆ.

ಮಗಳು ಬಗ್ಗಿದವಳೇ ಕೂಗಿದಳು: "ಅವ್ವಾ, ನಿನ್ನ ತವರಮನಿ ಬೆಳ್ಳಿ ತಂಬಿಗಿ! ಮಾಮ ಕದ್ದಾನಂತ ಅಪ್ಪ ಬೈತಿದ್ನಲ್ಲ, ಅದಾ!"

ಬೆಳ್ಳಿ ತಂಬಿಗೆ ಹಿಡಿದು ಆ ಬಾವಿಗೆ ಸ್ನಾನಕ್ಕೆ ಇಳಿಯುತ್ತಿದ್ದವರು ಊರಿನಲ್ಲಿ ಅಧ್ಯಕ್ಷರೊಬ್ಬರೇ.

ಇನ್ಸ್‌ಪೆಕ್ಟರರು ಕೋಟು ಕೊಡವುತ್ತ ಕೇಳಿದರು: "ಅಧ್ಯಕ್ಷರ, ಹಂಗಾದ್ರ ಪಾಠ ನಿಲ್ಲಸೋಣೇನ್ರಿ?"

ಅಧ್ಯಕ್ಷರ ಹೆಂಡತಿ ಸೆರಗು ಬಿಗಿದು ಮುಂದೆ ಬಂದರು. ಕೊರಳಲ್ಲಿ ಹವಳ ಇದ್ದಲ್ಲೇ ಇತ್ತು.

"ಯಾಕ ನಿಲ್ಲಸಬೇಕ್ರಿ ಸಾಹೇಬ್ರ? ನಡೀಲ್ರಿ! ನಾಳಿಂದ ನಾನೂ ಸಾಲಿಗಿ ಬರ್ತೀನಿ. ನಮ್ಮ ತಮ್ಮನ ಮ್ಯಾಲ ಇವ್ರು ಹೊರಿಸಿದ ಬೆಳ್ಳಿ ವಿಭೂತಿ ಬಟ್ಟಲದ ಕಳವು ಇನ್ನಾ ಹಂಗೇ ಅದ!"