ಮುರುಗಲ ತುಪ್ಪದ ತೋಪು

ತೋಪಿನ ಹಿಂಬಾಗಿಲಿಗೆ ಮುರುಗಲ ತುಪ್ಪ ಮೆತ್ತಿದ ಮನುಷ್ಯ ಈ ಭೂಮಂಡಲದಲ್ಲಿ ಒಬ್ಬನೇ ಒಬ್ಬ, ಮತ್ತು ಅವನು ನನ್ನ ಸೋದರಮಾವ! ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಹೇಳಿ, ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಾನೂ ನಗುತ್ತೇನೆ. ಆದರೆ ನಗುತ್ತಿರುವಾಗಲೇ ನನ್ನ ಕೈ ತಾನಾಗಿ ಎಡಗಿವಿಗೆ ಹೋಗುತ್ತದೆ. ಎರಡು ಸೇರು ತೂಕದ ಕಬ್ಬಿಣದ ಬಿರಡೆಯೊಂದು ಆ ಕಿವಿಯ ಪಕ್ಕದಲ್ಲೇ ಹಾರಿಹೋಗಿತ್ತು. ಕಿವಿ ಇದೆಯೋ ಇಲ್ಲವೋ ಎಂಬ ಅನುಮಾನ ನನಗೆ ಇವತ್ತಿಗೂ ಪೂರ್ತಿ ಹೋಗಿಲ್ಲ.

ಮೊದಲು ಮಾವನ ವಿಚಾರ ಹೇಳಬೇಕು. ಮಹಾಯುದ್ಧ ನಡೆಯುತ್ತಿದ್ದಾಗ ಅವನು ಪುಣೆಯ ಕಡೆ ಸರಕಾರದ ಒಂದು ಕಾರ್ಖಾನೆಯಲ್ಲಿ ನಕ್ಷೆಗಳ ನಕಲು ತೆಗೆಯುವ ಗುಮಾಸ್ತನಾಗಿದ್ದ. ನಕ್ಷೆಗಳೆಲ್ಲ ತೋಪಿನವು. ಅದರಲ್ಲೂ ಇವನ ಮೇಜಿಗೆ ಬರುತ್ತಿದ್ದುದು ತೋಪಿನ ಹಿಂಭಾಗ ಮಾತ್ರ, ಅಂದರೆ ಮದ್ದು ತುಂಬಿ ಬಾಗಿಲು ಹಾಕುವ ಜಾಗ. ತೋಪಿನ ಬಾಯಿ ಬೇರೆ ಮೇಜಿನವರಿಗೆ, ಚಕ್ರ ಇನ್ನೊಬ್ಬರಿಗೆ. ಹೀಗೆ ಆರು ವರ್ಷ ಹಿಂಭಾಗವನ್ನೇ ಬರೆದ ಮಾವ, ಒಂದು ಇಡೀ ತೋಪನ್ನು ಕಣ್ಣಿಂದ ನೋಡದೆ, ಅದರ ಸದ್ದು ಕಿವಿಯಿಂದ ಕೇಳದೆ ಸಿದ್ದಾಪುರಕ್ಕೆ ಮರಳಿದ. ಪೇಟೆಯಲ್ಲಿ ಬೀಗ, ಗಡಿಯಾರ, ತಕ್ಕಡಿ ರಿಪೇರಿಯ ಅಂಗಡಿ ಇಟ್ಟ. ಅಂಗಡಿಗೆ ಬಂದವರು ಗಡಿಯಾರ ಕೊಟ್ಟು ಸುಮ್ಮನೆ ಹೋಗುವಂತಿರಲಿಲ್ಲ.

"ಹಳೇ ತೋಪು ಬಾಯಿಂದ ಉಣ್ತಿತ್ತು. ಹೊಸ ತೋಪು ಬೆನ್ನಿಂದ ಉಣ್ತದೆ. ಬೆನ್ನಿಂದ ಉಣ್ಣೂ ತೋಪಿಗೆ ಇರೂದು ಒಂದೇ ತೊಂದರೆ. ಎಂತದು ಹೇಳಿ ನೋಡ್ವ?"

ಬಂದವರು ಪಾಪ, ಏನು ಹೇಳಿಯಾರು?

"ಬಾಗಿಲು ಮಾರಾಯ್ರೆ, ಬಾಗಿಲು! ಮುಂದೆ ಗುಂಡು ಹೋಗೂವಾಗ ಹಿಂದೆ ಬಾಗಿಲು ಹಾರಬಾರದು. ಮತ್ತೆ ಆ ಬಾಗಿಲು ಲಗೂನೆ ತೆಗೀಲಿಕ್ಕೂ ಬರಬೇಕು. ಗಟ್ಟಿ ಬೇಕಾದ್ರೆ ಲಗು ಆಗೂದಿಲ್ಲ, ಲಗು ಬೇಕಾದ್ರೆ ಗಟ್ಟಿ ಆಗೂದಿಲ್ಲ."

ಇದಕ್ಕೆ ಜಗತ್ತು ಕಂಡುಕೊಂಡ ಉಪಾಯವನ್ನು ಮಾವ ಭಕ್ತಿಯಿಂದ ವಿವರಿಸುತ್ತಿದ್ದ. ದಪ್ಪ ತಿರುಪಿನಂಥ ಒಂದು ಬಿರಡೆ. ಅದರ ಹಲ್ಲುಗಳನ್ನು ನಡುನಡುವೆ ಪಟ್ಟೆಯಾಗಿ ಕೆತ್ತಿ ತೆಗೆದಿರುತ್ತಾರೆ. ಕೊಳವೆಯ ಒಳಗಿನ ಹಲ್ಲನ್ನೂ ಹಾಗೆಯೇ ಕೆತ್ತಿರುತ್ತಾರೆ. ಬಿರಡೆಯನ್ನು ನೇರ ಒಳಗೆ ನೂಕಿದರೆ ಹಲ್ಲಿಗೆ ಹಲ್ಲು ತಾಗದೆ ಹೋಗಿಬಿಡುತ್ತದೆ. ಆಮೇಲೆ ಕಾಲು ಸುತ್ತು ತಿರುಗಿಸಿದರೆ ಸಾಕು, ಹಲ್ಲಿಗೆ ಹಲ್ಲು ಕಚ್ಚಿ ಭದ್ರ. ಪೂರ್ತಿ ಕಾಲು ಸುತ್ತು ಆಗಬೇಕು, ಅಷ್ಟೆ.

ಈ ಕಾಲು ಸುತ್ತು ಮಾವನ ತಲೆಯಲ್ಲಿ ಹೊಕ್ಕಿದ್ದು ಹೊರಗೆ ಬರಲೇ ಇಲ್ಲ. ಅತ್ತೆಯ ಮಿಡಿ ಉಪ್ಪಿನಕಾಯಿ ಭರಣಿಗೆ ಇದೇ ಬಗೆಯ ಹಿತ್ತಾಳೆ ಮುಚ್ಚಳ ಮಾಡಿಕೊಟ್ಟ. ಮುಚ್ಚಳ ಎಷ್ಟು ಚೆನ್ನಾಗಿ ಕಚ್ಚಿತೆಂದರೆ ಆ ವರ್ಷದ ಮಿಡಿಯನ್ನು ಮುಂದಿನ ವರ್ಷದ ಮಿಡಿ ಬರುವ ಹೊತ್ತಿಗೆ ತಿಂದೆವು; ಅದೂ ಭರಣಿ ಒಡೆದು. ಬಚ್ಚಲಮನೆಯ ಬಾಗಿಲಿಗೂ ಅದೇ ಅಗುಳಿ ಬಂತು. ಯಲ್ಲಾಪುರದಿಂದ ಬಂದ ನೆಂಟರೊಬ್ಬರು ಒಳಗೆ ಹೋಗಿ ಕಾಲು ಸುತ್ತು ತಿರುಗಿಸಿದರು. ಎಡಕ್ಕೋ ಬಲಕ್ಕೋ ಎಂಬುದು ಮರೆತುಹೋಯಿತು. ಮಾವ ಹೊರಗಿನಿಂದ ಸಿದ್ಧಾಂತ ಹೇಳುತ್ತಿದ್ದ, ಅವರು ಒಳಗಿನಿಂದ ಬೈಯುತ್ತಿದ್ದರು. ಕೊನೆಗೆ ಮಾಡಿನ ಹಂಚು ತೆಗೆದು ಅವರನ್ನು ಮೇಲಿನಿಂದ ಎತ್ತಬೇಕಾಯಿತು.

"ತಮಾ, ನಿನ್ನ ಮಾವಂಗೆ ಎಂತಾ ಆಜು ಹೇಳಿ ನೀನಾದ್ರೂ ನೋಡು. ಕಾಲೇಜು ಓದಿದವ ಅಲ್ದಾ ನೀನು?" ಎಂದು ಅತ್ತೆ ನನ್ನನ್ನು ಕೇಳಿದಳು. ನಾನು ಧಾರವಾಡದಲ್ಲಿ ಪದಾರ್ಥವಿಜ್ಞಾನ ಓದಿ ಆಗಷ್ಟೇ ಬಂದಿದ್ದೆ. ಮಾವನಿಗೆ ಏನಾಗಿದೆ ಎಂಬುದು ಆ ಪುಸ್ತಕಗಳಲ್ಲಿ ಇರಲಿಲ್ಲ.

ಖಾದಿ ಟೋಪಿ ಕಂಡರೂ ಪೊಲೀಸರು ಬೆಚ್ಚಿಬೀಳುತ್ತಿದ್ದ ದಿನಗಳು ಅವು. ಅಂಥದರಲ್ಲಿ ಪೇಟೆಯ ನಡುವೆ ಒಬ್ಬ ತೋಪಿನ ನಕ್ಷೆ ಬರೆಯುತ್ತಾನೆಂದರೆ ಬಿಟ್ಟಾರೆಯೇ? ಫೌಜದಾರರು ಬಂದರು. ಮಾವ ಅವರನ್ನು ಕೂರಿಸಿ ಎರಡು ತಾಸು ಕಾಲು ಸುತ್ತಿನ ಬಗ್ಗೆ ಹೇಳಿದ. ಹೊರಬಂದ ಫೌಜದಾರರು ಹಣೆ ಒರೆಸಿಕೊಂಡು, "ಇಂವ ಸರಕಾರಕ್ಕ ಏನೂ ಅಪಾಯ ಇಲ್ರಿ. ಕೇಳಾವರಿಗಿ ಅದ," ಎಂದು ಹೇಳಿ ಹೋದವರು ಮತ್ತೆ ಆ ಬೀದಿಗೇ ಬರಲಿಲ್ಲ.

ಇಷ್ಟರಲ್ಲೇ ಮುಗಿದಿದ್ದರೆ ನನ್ನ ಎಡಗಿವಿಗೆ ಯಾವ ಚಿಂತೆಯೂ ಇರುತ್ತಿರಲಿಲ್ಲ. ಆದರೆ ಮಾವನಿಗೆ ಹುಸೇನ್ ಸಾಹೇಬರು ಎಂಬ ಗೆಳೆಯರಿದ್ದರು.

ಹುಸೇನ್ ಸಾಹೇಬರು ಶಿರಸಿಯವರು. ಮದುವೆಮನೆಗಳಲ್ಲಿ ಗರ್ನಾಲು ಹೊಡೆಯುವುದು ಅವರ ಕಸುಬು. ಗರ್ನಾಲು ಎಂದರೆ ಮೊಣಕೈ ಉದ್ದದ ಕಬ್ಬಿಣದ ಕೊಳವೆ. ಬಾಯಿಯಿಂದ ಮದ್ದು ತುಂಬಿ, ಗಟ್ಟಿಯಾಗಿ ಜಡಿದು, ಬತ್ತಿ ಹಚ್ಚಿದರೆ ಗುಡ್ಡಗಳು ಮಾತಾಡುತ್ತವೆ. ಗುಂಡಿಲ್ಲ, ಸದ್ದು ಮಾತ್ರ. ಗಂಡಿನ ದಿಬ್ಬಣ ಕಣ್ಣಿಗೆ ಬಿದ್ದಕೂಡಲೇ ಮೂರು ಗರ್ನಾಲು ಹೊಡೆಯದಿದ್ದರೆ ಬೀಗರಿಗೆ ಮರ್ಯಾದೆ ಮಾಡಿದಂತೆಯೇ ಅಲ್ಲ. ಹಿಂದಿನ ವರ್ಷ ಒಂದು ಮದುವೆಯಲ್ಲಿ ಸಾಹೇಬರು ಎರಡನೆಯ ಸಲ ಮದ್ದು ಜಡಿಯುವಾಗ ಕೊಳವೆಯೊಳಗೆ ಕಿಡಿ ಉಳಿದಿತ್ತು. ಬಲಗೈಯ ಮೂರು ಬೆರಳು ಹೋದವು. ಅಂದಿನಿಂದ ಯಾರೂ ಅವರನ್ನು ಕರೆಯಲಿಲ್ಲ. "ಅರ್ಧ ಕೈಯವಂಗೆ ಮದ್ದು ಕೊಟ್ರೆ ಚಪ್ಪರ ಉಳೀತ?" ಎಂದು ಎಲ್ಲರದೂ ಒಂದೇ ಮಾತು.

ಒಂದು ದಿನ ನಾನೂ ಅಂಗಡಿಯಲ್ಲಿದ್ದಾಗ ಸಾಹೇಬರು ಬಂದು ಕೂತು ಹೇಳಿದರು: "ಬಸ್ಸಿನ ಆಫೀಸಲ್ಲಿ ಬಾಗಿಲು ಕಾಯ್ಲಿಕ್ಕೆ ಕರೀತಿದಾರೆ ಭಟ್ರೇ. ನಮ್ಮ ಅಜ್ಜ ಮದ್ದು ಅರೆದವ್ರು, ಅಪ್ಪ ಅರೆದವ್ರು. ನಾನು ಬಾಗಿಲು ಕಾಯೂದಾ?"

"ಸಾಹೇಬ್ರೆ, ತಪ್ಪು ನಿಮ್ಮ ಕೈದಲ್ಲ," ಎಂದ ಮಾವ. "ಬಾಯಿಂದ ತುಂಬೂ ಗರ್ನಾಲಿಂದು. ನಾನು ಬೆನ್ನಿಂದ ತುಂಬೂದು ಮಾಡ್ತೇನೆ. ಜಡೀಲಿಕ್ಕೆ ಇಲ್ಲ, ಬಾಯಿ ಮುಂದೆ ಕೈ ಹಿಡೀಲಿಕ್ಕೆ ಇಲ್ಲ. ಚೀಲದಲ್ಲಿ ಕಟ್ಟಿದ ಮದ್ದು ಹಿಂದಿಂದ ಇಡೂದು, ಬಿರಡೆ ನೂಕೂದು, ಅಂಗೈಯಿಂದ ಕಾಲು ಸುತ್ತು. ನನ್ನ ಮಗಳ ಮದುವೇಲಿ ನೀವೇ ಹೊಡೀಬೇಕು. ಮೂರೂ ಸಮ ಆದ್ರೆ ಮತ್ತೆ ಯಾರು ನಿಮ್ಮನ್ನ ಕರೀದೆ ಇರ್ತ್ರು ನೋಡ್ವ."

"ಆಗದಿದ್ರೆ?"

ಆಗದಿದ್ದರೆ ಹುಸೇನ್ ಸಾಹೇಬರಿಗೆ ಬಸ್ಸಿನ ಆಫೀಸಿನ ಬಾಗಿಲೇ ಗತಿ. ಅದು ಮೂವರಿಗೂ ಗೊತ್ತಿತ್ತು. ಮಾವ ನಕ್ಷೆಯ ಕಾಗದ ಬಿಡಿಸಿದ.

ಹುಬ್ಬಳ್ಳಿಯ ಒಬ್ಬ ಲೇತಿನವನ ಹತ್ತಿರ ಕೊಳವೆ, ಬಿರಡೆ, ಹಿಡಿ ಎಲ್ಲ ತಯಾರಾದವು. ಉಳಿದದ್ದು ಒಂದು ಸಮಸ್ಯೆ. ಬಿರಡೆಯ ಸಂದಿನಿಂದ ಬೆಂಕಿ ಹಿಂದಕ್ಕೆ ಸೋರದಂತೆ ಅದರ ಮುಖಕ್ಕೆ ಒಂದು ಮೆತ್ತೆ ಬೇಕು. ಕಾರ್ಖಾನೆಯ ನಕ್ಷೆಯ ಪ್ರಕಾರ ಆ ಮೆತ್ತೆಗೆ ಹಾಕುವುದು ಕುರಿಯ ಕೊಬ್ಬು.

"ಅದಕ್ಕೇನು, ನಾನು ತರ್ತೇನೆ," ಎಂದರು ಸಾಹೇಬರು.

"ಮದುವೆ ಮನೇಲಿ ಕುರಿ ಕೊಬ್ಬಾ? ಪುರೋಹಿತರು ಹೋಮಕುಂಡ ಎತ್ತಿಕೊಂಡು ಓಡ್ತ್ರು."

ಮಾವ ಆಕಳ ತುಪ್ಪ ಹಾಕಿ ನೋಡಿದ, ಅದು ಹರಿಯಿತು. ಜೇನುಮೇಣ ಬಿರುಕು ಬಿಟ್ಟಿತು. ಕೊನೆಗೆ ಅತ್ತೆಯ ಗೂಡಿನಿಂದ ಮುರುಗಲ ತುಪ್ಪದ ಉಂಡೆ ಎತ್ತಿಕೊಂಡು ಬಂದ. ಕೋಕಂ ಬೀಜದ ಆ ತುಪ್ಪ ಸಾಬೂನಿನ ಹಾಗೆ ಗಟ್ಟಿ. ತೆಂಗಿನ ನಾರಿಗೆ ಕಲಸಿ ಬಡಿದಾಗ ಒಳ್ಳೆಯ ಮೆತ್ತೆಯೇ ಆಯಿತು.

"ಒಡೆದ ಹಿಮ್ಮಡಿಗೆ ಹಚ್ಚೂದು ಅದು," ಎಂದಳು ಅತ್ತೆ. "ತೋಪಿಗೂ ಹಿಮ್ಮಡಿ ಒಡೀತ?"

ಮದುವೆಯ ದಿನ ಬಂತು. ಸುಡುಬಿಸಿಲು. ಚಪ್ಪರದಿಂದ ಐವತ್ತು ಹೆಜ್ಜೆ ದೂರದ ಒಣ ಗದ್ದೆಯಲ್ಲಿ ಗರ್ನಾಲು ಗುಡ್ಡದ ಕಡೆ ಬಾಯಿ ಮಾಡಿ ಪೀಠದ ಮೇಲೆ ಮಲಗಿತ್ತು. ಅದರ ಹಿಡಿಗೆ ಮಾವ ಮೊಳದುದ್ದದ ಬಿಳಿ ಬಣ್ಣದ ಸರಳು ಕೂರಿಸಿದ್ದ. ಬಾಗಿಲು ತೆರೆದಾಗ ಸರಳು ನೆಟ್ಟಗೆ, ಪೂರ್ತಿ ಮುಚ್ಚಿದಾಗ ಅಡ್ಡ. ಸಾಹೇಬರು ಹೊಸ ಕೋಟು ಹಾಕಿಕೊಂಡು ಬಂದಿದ್ದರು. ಮದ್ದಿನ ಚೀಲ ಎತ್ತಿ ಕೊಡುವ ಕೆಲಸ ನನ್ನದು. ಪಕ್ಕದಲ್ಲಿ ನಿಲ್ಲಬೇಕೆಂದು ಮಾವ ನೂರು ಸಲ ಹೇಳಿದ್ದ. ನಾನು ಕಾಲೇಜು ಓದಿದವ; ಬಿರಡೆ ಹೇಗೆ ಕಚ್ಚುತ್ತದೆಂದು ನೋಡಲು ನೇರ ಹಿಂದೆ ನಿಂತೆ.

ದಿಬ್ಬಣ ಗದ್ದೆಯ ಅಂಚಿಗೆ ಬಂತು. ಮೊದಲನೆಯದು ಹೊಡೆಯಿತು. ಗುಡ್ಡ ಉತ್ತರ ಕೊಟ್ಟಿತು. ಎರಡನೆಯದೂ ಹೊಡೆಯಿತು. ದಿಬ್ಬಣದವರು ತಲೆಯಾಡಿಸಿದರು. ಸಾಹೇಬರ ಮುಖ ನೋಡಬೇಕಿತ್ತು ನೀವು. ಮೂರನೆಯ ಚೀಲ ಕೊಟ್ಟೆ. ಅವರು ಬಿರಡೆ ನೂಕಿದರು, ತಿರುಗಿಸಿದರು, ಬತ್ತಿ ಹಚ್ಚಿದರು.

ಇಲ್ಲಿಂದ ಮುಂದೆ ನನ್ನ ಲೆಕ್ಕ ತಪ್ಪುತ್ತದೆ. ಮೊದಲು ಕಂಡದ್ದು ಮಾವನೋ, ಮೊದಲು ಕೇಳಿದ್ದು ಸದ್ದೋ? ಎಷ್ಟೋ ಸಲ ಕೂತು ಯೋಚಿಸಿದ್ದೇನೆ. ಬತ್ತಿ ಉರಿಯುತ್ತಿದ್ದಾಗಲೇ ಮಾವ ಚಪ್ಪರದಿಂದ ಓಡಿ ಬರುತ್ತಿದ್ದ. ರೇಷ್ಮೆ ಪಂಚೆಯನ್ನು ಮೊಣಕಾಲ ಮೇಲೆ ಎತ್ತಿಕೊಂಡಿದ್ದ. ಏನೋ ಕೂಗುತ್ತಿದ್ದ, ವಾಲಗದ ಗದ್ದಲದಲ್ಲಿ ಏನೂ ಕೇಳಿಸಲಿಲ್ಲ. ನನ್ನ ಎದೆಗೆ ಅವನ ಕೈ ಬಿದ್ದು ನಾನು ಪಕ್ಕಕ್ಕೆ ಉರುಳಿದೆ. ಸಾಹೇಬರನ್ನು ಕೆಡವಿ ಅವರ ಮೇಲೆ ಮಾವ ಅಡ್ಡ ಬಿದ್ದ. ಆಮೇಲೆ ಸದ್ದು, ಬೆಂಕಿ, ಕಿವಿಯ ಪಕ್ಕ ಒಂದು ಗಾಳಿ. ಹಿಂದೆ ಮೂವತ್ತು ಹೆಜ್ಜೆ ದೂರದ ಹಲಸಿನ ಮರ ಚಟ್ಟೆಂದಿತು.

ನಾನು ಎದ್ದು ಕೂತಾಗ ಮಾವನ ಶಾಲು ಹೊಗೆಯಾಡುತ್ತಿತ್ತು. ಮೂವರಿಗೂ ಜೀವ ಇತ್ತು. ಗದ್ದೆಯ ಆಚೆ ದಿಬ್ಬಣ ಕಲ್ಲಿನಂತೆ ನಿಂತಿತ್ತು. ಗಂಡಿನ ದೊಡ್ಡಪ್ಪ ಮುಂದೆ ಬಂದು, "ಎಂತ ಆತು? ಆ ಅರ್ಧ ಕೈಯವನೇ ಹೊಡೆದದ್ದ?" ಎಂದು ಕೇಳಿದರು. ಸಾಹೇಬರು ನೆಲ ನೋಡುತ್ತಿದ್ದರು.

ಮಾವ ಎದ್ದು ನಿಂತ. "ಅವ್ರ ಕೈದು ಎಂತದೂ ಇಲ್ಲೆ. ತಪ್ಪು ಎನ್ನದು. ಎರಡು ಹೊಡೆತಕ್ಕೆ ಕೊಳವೆ ಕಾದು ತುಪ್ಪ ಕರಗಿ ಹೋತು. ಅದ್ಕೇ ಬಿರಡೆ ಹಾರಿದ್ದು."

"ಎಂತ ತುಪ್ಪ?"

"ಮುರುಗಲ ತುಪ್ಪ."

ದೊಡ್ಡಪ್ಪನವರ ಹೊಟ್ಟೆ ಕುಲುಕತೊಡಗಿತು. ಇಡೀ ದಿಬ್ಬಣ ನಕ್ಕಿತು, ವಾಲಗದವರೂ ನಕ್ಕರು. ನಗುತ್ತಲೇ ಮದುವೆ ಸಾಂಗವಾಯಿತು.

ಊರನ್ನು ಗಲಿಬಿಲಿಗೊಳಿಸಿದ್ದು ಆಮೇಲಿನದು. ತಪ್ಪು ಮಾಡಿದವರು ಅದನ್ನು ಮುಚ್ಚಿಡುತ್ತಾರೆ, ಅಲ್ಲವೇ? ಮಾವ ಅಂಗಡಿಗೆ ಬೀಗ ಹಾಕಿ ತಿಂಗಳುಗಟ್ಟಲೆ ಊರೂರು ತಿರುಗಿ ತನ್ನ ಮೂರ್ಖತನವನ್ನು ತಾನೇ ಸಾರಿದ! ಶಿರಸಿಯ ಬಸ್ಸಿನಲ್ಲಿ, ಬನವಾಸಿಯ ಸಂತೆಯಲ್ಲಿ, ಯಾರದೋ ಸೀಮಂತದ ಊಟದ ಪಂಕ್ತಿಯಲ್ಲಿ, ಎಲ್ಲೆಂದರಲ್ಲಿ. "ತುಪ್ಪ ಹಾಕಿದ ತೋಪಿನ ಕಥೆ ಕೇಳಿದ್ರಾ? ಆ ಹುಚ್ಚ ನಾನೇ" ಎಂದು ಶುರು ಮಾಡುತ್ತಿದ್ದ. ಮುಗಿಸುವಾಗ, "ಸಾಹೇಬ್ರ ಕೈ ಮಾತ್ರ ಗಡಿಯಾರ ಇದ್ದಾಂಗೆ," ಎನ್ನುತ್ತಿದ್ದ. ಜನ ನಕ್ಕೂ ನಕ್ಕೂ ಸುಸ್ತಾದರು. ಅತ್ತೆ ತಲೆ ಎತ್ತಿ ಬೀದಿಯಲ್ಲಿ ನಡೆಯುವಂತಿರಲಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಮೂರು ತಾಲೂಕಿಗೂ ಗೊತ್ತಿರುವ ಕಥೆ. ಮಾವನೂ ಸಾಹೇಬರೂ ಈಗ ಇಲ್ಲ, ಹಾಗಾಗಿ ಉಳಿದದ್ದನ್ನೂ ಹೇಳಬಹುದು.

ಹಲಸಿನ ಮರದ ಬುಡದಿಂದ ಆ ಬಿರಡೆಯನ್ನು ಹೆಕ್ಕಿದವನು ನಾನು. ಅದರ ಮುಖದ ಮೆತ್ತೆ ಹಾಗೇ ಇತ್ತು. ಮೇಲೆ ಮಸಿ ಹಿಡಿದಿತ್ತು, ತುಪ್ಪ ಗಟ್ಟಿಯಾಗಿಯೇ ಇತ್ತು. ಉಗುರು ಹಾಕಿ ನೋಡಿದೆ. ಜಜ್ಜಿಹೋದದ್ದು ತಿರುಪಿನ ಹಲ್ಲು, ಅದೂ ಅಂಚಿನಲ್ಲಿ ಮಾತ್ರ. ಅಂದರೆ ಕಾಲು ಸುತ್ತು ಪೂರ್ತಿ ಆಗಿರಲಿಲ್ಲ. ಹಲ್ಲಿಗೆ ಹಲ್ಲು ತುದಿಯಲ್ಲಷ್ಟೇ ಕಚ್ಚಿತ್ತು. ಅಷ್ಟಕ್ಕೂ ಮೆತ್ತೆ ಕರಗಿದರೆ ಬೆಂಕಿ ಸೋರೀತು, ಬಿರಡೆ ಯಾಕೆ ಕಿತ್ತು ಬಂದೀತು? ಐವತ್ತು ಹೆಜ್ಜೆ ದೂರದಿಂದ ತುಪ್ಪದ ಹನಿ ಯಾರ ಕಣ್ಣಿಗೆ ಕಂಡೀತು? ಬಿಳಿ ಸರಳು ಓರೆ ನಿಂತದ್ದು ಕಾಣುತ್ತದೆ. ಮಾವ ಓಡಿ ಬಂದದ್ದು ಅದನ್ನು ಕಂಡು.

ಅದೇ ಸಂಜೆ ಬಿರಡೆ ಹಿಡಿದುಕೊಂಡು ನಾನು ಗದ್ದೆಯಲ್ಲಿದ್ದ ಮಾವನ ಹತ್ತಿರ ಹೋದೆ. "ಮಾವ, ತುಪ್ಪ ಕರಗಿದ್ದಿಲ್ಲೆ. ಸಾಹೇಬ್ರು ಪೂರ್ತಿ ತಿರುಗ್ಸಿದ್ವಿಲ್ಲೆ."

ಅವನು ನನ್ನ ಕೈಯಿಂದ ಬಿರಡೆ ತೆಗೆದುಕೊಂಡ. ಮೆತ್ತೆಯನ್ನು ಬೆರಳಿನಿಂದ ಕೆರೆದು ಕೆರೆದು ಗದ್ದೆಯ ಮಣ್ಣಿಗೆ ಹಾಕಿದ. ಬರಿಯ ಕಬ್ಬಿಣ ಉಳಿಯಿತು.

"ಆ ಕೈಗೇ ಹೇಳಿ ಮಾಡಿದ ಯಂತ್ರ ಇದು," ಎಂದ. "ಆ ಕೈಗೆ ತಿರುಗದ್ದಿದ್ರೆ ತಪ್ಪು ಕೈದಾ ತಮಾ, ಯಂತ್ರದ್ದಾ?"

ನಾನು ಕಾಲಿನಿಂದ ಮಣ್ಣು ಎಳೆದು ಆ ತುಪ್ಪವನ್ನು ಮುಚ್ಚಿದೆ.

ಮರುವರ್ಷ ಮತ್ತಿಘಟ್ಟದಲ್ಲಿ ಒಂದು ಮದುವೆ. ಆ ಮನೆಯವರು ಹುಸೇನ್ ಸಾಹೇಬರನ್ನು ಕರೆದಿದ್ದರು. ಬಾಯಿಂದ ತುಂಬುವ ಹಳೆಯ ಗರ್ನಾಲೇ; ಮದ್ದು ತುಂಬುವುದು ಸಾಹೇಬರ ತಮ್ಮ, ಬತ್ತಿ ಹಚ್ಚುವುದು ಸಾಹೇಬರು. ಚಪ್ಪರದಲ್ಲಿ ಮಾವನ ಕೈಗೆ ಪಾನಕದ ಲೋಟ ಕೊಟ್ಟವರು, "ತುಪ್ಪದ ಭಟ್ರೇ, ಪಾನಕಕ್ಕೂ ಒಂದು ಚಮಚ ಹಾಕ್ಲ?" ಎಂದು ಕೀಟಲೆ ಮಾಡಿದರು. ಸುತ್ತಲಿದ್ದವರು ನಕ್ಕರು. ಮಾವನೂ ನಕ್ಕ. ಆದರೆ ಲೋಟ ಬಾಯಿಗೆ ಹೋಗಲಿಲ್ಲ. ಅವನ ಕಣ್ಣು ದೂರದ ಗದ್ದೆಯಲ್ಲಿ ಏಳುತ್ತಿದ್ದ ಹೊಗೆಯ ಮೇಲಿತ್ತು. ಮಗಳ ಮದುವೆಯ ದಿನದಿಂದ ಅವನಿಗೆ ಎರಡೂ ಕಿವಿ ಮಂದವಾಗಿದ್ದವು.

ನನ್ನ ಕಡೆ ಬಾಗಿ ಕೇಳಿದ: "ಎಷ್ಟಾತು?"

ನಾನು ಮೂರು ಬೆರಳು ಎತ್ತಿ ತೋರಿಸಿದೆ.

ಮಾವ ಪಾನಕ ಕುಡಿದ.