ಎರಡು ದಳದ ಖಾನದಾನಿ ಹೃದಯ

ಬ್ಯಾರೇವ್ರ ಮನ್ಯಾಗ ಜಡ್ಡ ಬಂದ್ರ ಮಂದಿ ಅಳತಾರ. ನಮ್ಮ ಮನ್ಯಾಗ ಮೊದಲ ಜಗಳಾ ಆಗ್ತೈತಿ, ಆಮ್ಯಾಲ ಚಹಾ ಆಗ್ತೈತಿ. ಅಳಾಕ ಯಾರಿಗೂ ಪುರಸೊತ್ತ ಇರೂದಿಲ್ಲ.

೧. ಒಂದು ಕಡಿಮಿ

ಸಾಂಗ್ಲಿ ಹಳದಿ ಪೇಟ್ಯಾಗ ನಂದ ಅಡತಿ ಅಂಗಡಿ, ಅರಿಷಿಣದ ದಲಾಲಿ. ಗೋದಾಮಿನ ಪಾವಟಿಗಿ ಹತ್ತೂವಾಗ ಎರಡ ಸಲ ಕಣ್ಣಿಗೆ ಕತ್ತಲಿ ಬಂತಂತ ಮಿರಜಿನ ದವಾಖಾನಿಗೆ ಹೋದೆ. ಡಾಕ್ಟರು ಎಕೋ ಮಾಡಿ ಹೇಳಿದ್ರು: "ಹೃದಯದಿಂದ ರಕ್ತ ಹೊರಗ ಹೋಗೂ ವಾಲ್ವಿಗೆ ಎಲ್ಲಾರಿಗೂ ಮೂರ ದಳ ಇರ್ತಾವ. ನಿಮಗ ಹುಟ್ಟಿನಿಂದನ ಎರಡ. ಈಗ ಅವೂ ಬಿರಸಾಗಿ ದಾರಿ ಸಣ್ಣದಾಗೈತಿ. ಈ ತಿಂಗಳದಾಗ ಆಪರೇಶನ್ ಆಗಬೇಕು. ಇಲ್ಲಾಂದ್ರ ಯಾವಾಗ ಕುಸದ ಬೀಳ್ತೀರಿ ಹೇಳಾಕ ಬರೂದಿಲ್ಲ."

ಜೋಡಿಗೆ ಬಂದಿದ್ದ ನಮ್ಮ ಕಾಕಾನ, ಅಂದ್ರ ಅಪ್ಪನ ತಮ್ಮನ, ವಯಸ್ಸ ಎಪ್ಪತ್ತ ದಾಟೇತಿ, ತಕರಾರಿನ ಹುರುಪ ಮಾತ್ರ ಇಪ್ಪತ್ತರದು. ಅವರು ಕೇಳಿದ್ರು: "ಸಾಹೇಬರ, ನಲವತ್ತೆಂಟ ವರ್ಷ ಪಾಪ ಒಂದ ಕಡಿಮಿ ಇಟಗೊಂಡ ನಡಸ್ಯಾನ. ಹಿಂದಿನ ಬಾಕೀನೂ ಸೇರಿಸಿ ಈಗ ನಾಕ ಹಾಕಾಕ ಬರೂದಿಲ್ಲೇನು?"

೨. ಟೆಂಪೋ ತುಂಬ ಎದಿ

"ಇದು ಮನಿತನದಾಗ ಬರ್ತೈತಿ. ರಕ್ತಸಂಬಂಧಿಗಳೂ ಎಕೋ ಮಾಡಿಸ್ರಿ" ಅಂದ್ರು ಡಾಕ್ಟರು. ಹೆಣ್ಣ ನೋಡಾಕ ಹೊಂಟಂಗ ಹೊಸಾ ಸೀರಿ, ಇಸ್ತ್ರಿ ಅಂಗಿ ಹಾಕ್ಕೊಂಡು ಹದಿನಾರ ಮಂದಿ ಟೆಂಪೋ ಮಾಡಿಕೊಂಡ ಬಂದ್ರು. ಮ್ಹೈಸಾಳದಿಂದ ಮಾವಶಿ, ಅಂದ್ರ ನಮ್ಮವ್ವನ ತಂಗಿ, ಬುತ್ತಿ ಕಟಗೊಂಡ ಬಂದಿದ್ರು.

ದಾರಿತುಂಬ ಕಾಕಾಂದು ಒಂದ ಮಾತು: "ನಮ್ಮ ಮನಿತನದಾಗ ಇಂಥಾ ಹಲ್ಕಟ್ ಜಡ್ಡ ಇಲ್ಲ. ಇದು ಇವನ ತಾಯಿ ಕಡಿಂದ ಬಂದದ್ದು." ಮಾವಶಿ ಹಲ್ಲ ಕಚ್ಚಿ ಕೂತಿದ್ರು.

ಸಂಜಿಕ ರಿಪೋರ್ಟ ಬಂದ್ವು. ಹದಿನೈದ ಮಂದಿಗೆ ಮೂರ ದಳ. ಎರಡ ಇದ್ದದ್ದು ಕಾಕಾಗ ಒಬ್ಬರಿಗೇ. ತ್ರಾಸ ಏನಿಲ್ಲ, ವರ್ಷಕ್ಕೊಮ್ಮೆ ತೋರಿಸಿದ್ರ ಸಾಕಂದ್ರು ಡಾಕ್ಟರು. ಮಾವಶಿ ಹೊರಗ ಹೋಗಿ ಪೇಢೆ ತಂದು ನರ್ಸಗಳಿಗೆಲ್ಲಾ ಹಂಚಿದ್ರು.

ಕಾಕಾ ಅಲ್ಲೇ ಪಲಟಿ ಹೊಡದ್ರು: "ನಾ ಹೇಳಲಿಲ್ಲ? ಎರಡ ದಳ ಅಂದ್ರ ನಮ್ಮ ಖಾನದಾನಿ ಗುರ್ತು. ಮೂರೇನು, ಊರ ಮಂದಿಗೆಲ್ಲಾ ಇರ್ತಾವ!"

೩. ಸ್ಯಾಂಪಲ್

ಹಾಕೂ ವಾಲ್ವಿನ್ಯಾಗ ಎರಡ ಜಾತಿ ಅಂದ್ರು. ಒಂದು ದನದ ಹೃದಯದ ಪೊರಿಂದ ಮಾಡಿದ್ದು. ನಾವು ಜೈನರು, ನಮ್ಮ ಮನ್ಯಾಗ ಉಳ್ಳಾಗಡ್ಡಿ ಸುದ್ದಾ ಹೊಸ್ತಲಾ ದಾಟಂಗಿಲ್ಲ. ಮಾವಶಿ ಕೈ ಮುಗದು ಕೇಳಿದ್ರು: "ಸೋಯಾದ್ದ ಸಿಗೂದಿಲ್ಲೇನ್ರಿ?"

ಇನ್ನೊಂದು ಯಂತ್ರದ್ದು. ಜೀವ ಇರೂತನಕ ಬಾಳ್ತೈತಿ, ಖರೆ ರಕ್ತ ತೆಳು ಮಾಡೂ ಗುಳಿಗಿ ದಿನಾ ನುಂಗಬೇಕು. ಡಾಕ್ಟರು ನಮೂನೆ ತೋರಿಸಿದ್ರು. ಪೇಟ್ಯಾಗ ಹಳದಿ ಕೊಂಬ ಮುರದ ಮಾಲ ಪರೀಕ್ಷಾ ಮಾಡೂ ರೂಢಿ ಕಾಕಾಂದು. ಅದನ್ನ ಮೂಸಿದ್ರು, ಟೇಬಲ್ಲಿಗೆ ಬಡದ್ರು, ಮುರ್ಯಾಕೂ ನೋಡಿದ್ರು. ಆಮ್ಯಾಲ ಒಳಗ ಇಣಕಿ ನೋಡಿ ಚೀರಿದ್ರು: "ಏ ಸಾಹೇಬರ! ಇದಕ್ಕೂ ಎರಡ ದಳಾನ ಅದಾವಲ್ರಿ! ಎರಡ ಕೊಟ್ಟ ಎರಡ ತಗೋಳಾಕ ನಮ್ಮ ಹುಡುಗನ ಎದಿ ಯಾಕ ಸೀಳ್ತೀರಿ?"

ಈ ಎರಡ ಗಟ್ಟಿ ಅದಾವ, ಪೂರಾ ತೆರೀತಾವ ಅಂತ ತಿಳಿಸಿ ಹೇಳೂದ್ರಾಗ ಡಾಕ್ಟರಿಗೇ ಬೆವರ ಬಂತು.

೪. ಬಟ್ಟಿ ಕೆಳಗಿನ ಸೌದಾ

ಆಪರೇಶನ್ ದಿನ ಖರೇನ ಭಾಳ ಅಂಜಿದ್ದೆ. ಹೆಂಡ್ತಿ ಮಾರಿ ನೋಡಿದ್ರ ಅಳು ಬರ್ತೈತಂತ ಗ್ವಾಡಿ ನೋಡ್ಕೋತ ಒಳಗ ಹೋದೆ. ಇಂಜೆಕ್ಶನ್ ಕೊಟ್ಟು ಮೈಮ್ಯಾಲ ಹಸಿರ ಬಟ್ಟಿ ಹೊಚ್ಚಿದ್ರು.

ಈಗ ಪೇಟ್ಯಾಗ ಲಿಲಾವ ಕೂಗಿ ಮಾಡ್ತಾರ. ನಾ ಕಲತಿದ್ದು ಹಳೇ ಪದ್ಧತಿ: ಕೈಮ್ಯಾಲ ಟಾವೆಲ್ ಹಾಕಿ, ಯಾರಿಗೂ ಕಾಣಧಂಗ ಬೆರಳ ಒತ್ತಿ ಸೌದಾ ಮಾಡೂದು, ಎಷ್ಟ ಬೆರಳೋ ಅಷ್ಟ ದರ. ಮಂಪರಿನ್ಯಾಗ ಇದ್ದೆ. ಭೂಲ ಕೊಟ್ಟ ಶುದ್ಧಿ ತಪ್ಪಸೂ ಡಾಕ್ಟರು ನಾಡಿ ನೋಡಾಕ ಬಟ್ಟಿ ಕೆಳಗ ಕೈ ಹಾಕಿ ಮಣಿಕಟ್ಟಿನ ಮ್ಯಾಲ ಎರಡ ಬೆರಳ ಒತ್ತಿದ್ರು.

ಎರಡ? ಎರಡಿದ್ದದ್ದಕ್ಕ ಇಷ್ಟೆಲ್ಲಾ ರಾಮಾಯಣ ಆಗೈತಿ! ನಾ ಅವರ ಮೂರ ಬೆರಳ ಗಪ್ಪನ ಹಿಡದೆ. ಅವರು ಜಗ್ಗಿದ್ರು, ನಾ ಬಿಡಲಿಲ್ಲ. "ಪೇಶಂಟ್ ಕೈ ಬಿಡವಲ್ರು!" ಅಂತ ಒದರಿದ್ರು. "ಮೂರಕ್ಕ ಕಡಿಮಿ ಆಗೂದಿಲ್ಲ" ಅಂದವನ ನಿದ್ದಿ ಹೋದೆ.

ಕಣ್ಣ ತೆರದಾಗ ಜೀವ ಇತ್ತು. ಹೆಂಡ್ತಿ ಬಾಜೂಕ ನಿಂತು ಗಳಗಳ ಅಳಾಕತ್ತಿದ್ಲು. ಡಾಕ್ಟರು ನಕ್ಕೋತ ಬಂದು, "ಸಾವಕಾರ್ರ, ನೀವು ಮೂರ ಕೇಳಿದ್ರಿ. ನಾವು ಎರಡಕ್ಕ ಸೌದಾ ಮುಗಸೇವಿ" ಅಂದ್ರು.

ಹಿಂದ ನಿಂತಿದ್ದ ಕಾಕಾ ಟೊಪ್ಪಿಗಿ ಸರಿ ಮಾಡಿಕೊಂಡ ಮುಂದ ಬಂದ್ರು: "ಶುದ್ಧಿ ಇಲ್ಲದವನ ಕೂಡ ಸೌದಾ ಮುಗಸೂದು ಪೇಟಿ ರಿವಾಜಿನ್ಯಾಗ ಇಲ್ರಿ, ಸಾಹೇಬರ. ನಮಗ ಮಂಜೂರಿಲ್ಲ. ಎದಿ ಮತ್ತ ಬಿಚ್ಚರಿ!"