ಸೀಲ್ ಒಡೆಯದ ಫೋನು

ತೊಂಬತ್ತೆಂಟನೇ ಇಸವಿ, ಮಗಳ ಪಿಯುಸಿ ಪರೀಕ್ಷೆಗೆ ಹದಿನಾರು ದಿನ ಬಾಕಿ. ಸಂಜೆ ಆರೂಕಾಲಿಗೆ ನಾನು ದಾವಣಗೆರೆ ಸರಸ್ವತಿ ನಗರದ ನಮ್ಮ ಮನೆಯ ತಾರಸಿಯಲ್ಲಿ, ನೀರಿನ ಟ್ಯಾಂಕಿನ ಹಿಂದೆ, ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದೆ. ಯಾರಿಗೂ ಕೇಳಿಸಬಾರದೆಂದು ಅಳೆದು ತೂಗಿ ಆರಿಸಿಕೊಂಡ ಜಾಗವದು. ಗುಟ್ಟು ಕಾಯುವುದು ದಣಿವಿನ ಕೆಲಸ; ಸಂಸಾರಸ್ಥನಿಗೆ ಅದಕ್ಕೆ ಜಾಗವೂ ಇರುವುದಿಲ್ಲ, ತ್ರಾಣವೂ ಇರುವುದಿಲ್ಲ. ನಡುಮನೆಯ ಫೋನಿನಲ್ಲಿ ನಾನು ದನಿ ತಗ್ಗಿಸಿದರೆ ಸಾಕು, ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಲ್ಲುತ್ತಿತ್ತು.

ಅದಕ್ಕೇ ತಿಂಗಳ ಹಿಂದೆ ಕಾರ್ಡ್‌ಲೆಸ್ ಫೋನು ತಂದಿದ್ದೆ. ನಮ್ಮ ಓಣಿಯಲ್ಲಿ ಒಬ್ಬರು ಒಂದು ವಸ್ತು ಕೊಂಡರೆ ಪಕ್ಕದವರಿಗೂ ಅದೇ ಬೇಕು. "ನಮಗೂ ಒಂದು ತರ್ರಿ ಮಾಸ್ತರ್ರೆ, ಥೇಟ್ ನಿಮ್ಮಂಥದ್ದೇ" ಎಂದರು ಪಕ್ಕದ ಮನೆಯ ನೀಲಮ್ಮ. ಹಿಂದೊಮ್ಮೆ ರಿಪೇರಿಗೆ ಕೊಟ್ಟ ನನ್ನ ರೇಡಿಯೊ, ಒಳ್ಳೆಯ ಸ್ಪೀಕರ್ ಕಳೆದುಕೊಂಡು ಯಾರದೋ ಕೆಮ್ಮುವ ಸ್ಪೀಕರ್ ಹೊತ್ತು ಮರಳಿತ್ತು. ಅಂದಿನಿಂದ ಕಂಪನಿಯ ಸೀಲನ್ನು ಬಿಟ್ಟು ನಾನು ಯಾರನ್ನೂ ನಂಬುತ್ತಿರಲಿಲ್ಲ.

"ಎರಡೂ ಒಂದೇ ಲಾಟಿಂದು ಸಾರ್" ಎಂದ, ನೀಲಮ್ಮನವರ ಫೋನು ತರಲು ಹೋದಾಗ, ಅಂಗಡಿಯ ದಾದಾಪೀರ್. "ಒಳಗೆ ಚಾನಲ್ ಸ್ವಿಚ್ ಐತೆ. ಒಂದ್ರಾಗೆ ಬದಲಿ ಮಾಡಿಕೊಡ್ತೀನಿ, ಎರಡೇ ನಿಮಿಷ."

"ಬಿಚ್ಚಾದು ಬ್ಯಾಡ. ಸೀಲ್ ಹೆಂಗೈತೋ ಹಂಗೇ ಕೊಡ್ರಿ."

"ಬಿಚ್ಚಲಿಲ್ಲ ಅಂದ್ರೆ ಸಾರ್..."

"ಬ್ಯಾಡ ಅಂದ್ನಲ್ಲ!"

"ಆಯ್ತು ಸಾಹೇಬ್ರ, ನಿಮ್ಮ ಖುಷಿ."

ಈಗ ತಾರಸಿಗೆ ಬರೋಣ. ಅಂದು ಮಧ್ಯಾಹ್ನ ಡಾಕ್ಟರು ನನ್ನ ಎದೆಯ ಇಸಿಜಿ ಚೀಟಿಯನ್ನು ಎರಡು ಸಲ ನೋಡಿದ್ದರು. ಒಂದು ಸಲ ನೋಡಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ. ಹೆದರಿದವನಿಗೆ ಒಬ್ಬರ ಮುಂದಾದರೂ ಹೇಳಿಕೊಳ್ಳಬೇಕು. ಹರಿಹರದ ಅಕ್ಕನಿಗೆ ಫೋನು ಹಚ್ಚಿದೆ.

"ಅಕ್ಕಾ, ಎದಿಯಾಗೆ ಏನೋ ತೊಂದ್ರೆ ಐತಂತೆ. ವಾರದೊಳಗೆ ಬೆಂಗಳೂರಿಗೆ ಹೋಗು ಅಂದಾರೆ. ಹುಡುಗಿ ಪರೀಕ್ಷೆ ಮುಗೀಲಿ, ಆಮೇಲೆ ನೋಡಿದ್ರಾಯ್ತು. ಸರೋಜಾಗೆ ಮಾತ್ರ ಗೊತ್ತಾಗಬಾರ್ದು."

"ಹುಚ್ಚೇನೋ ನಿಂಗೆ? ಕಟ್ಕೊಂಡ ಹೆಂಡ್ತಿಗೆ ಹೇಳ್ದಂಗೆ ಹೆಂಗಿರ್ತಿ?"

"ಅವಳದು ಪುಕ್ಕಲು ಜೀವ. ತಡ್ಕೊಳ್ಳಲ್ಲ."

ಫೋನಿನಲ್ಲಿ ಯಾರೋ ಉಸಿರೆಳೆದುಕೊಂಡರು. ಅಕ್ಕನಲ್ಲ.

"ಅಕ್ಕಾರೆ, ನಾನು ಸರೋಜ. ನಿಮ್ಮ ತಮ್ಮಗೆ ಕೆಳಗಿಳಿಯಾಕ ಹೇಳ್ರಿ. ಮೆಟ್ಲು ಮಾತ್ರ ಮೆಲ್ಲಕ ಇಳೀಲಿ."

ಟ್ಯಾಂಕಿನ ಮರೆಯಿಂದ ಬಂದು ಬಗ್ಗಿ ನೋಡಿದೆ. ನಮ್ಮ ಫೋನು ನನ್ನ ಕೈಯಲ್ಲಿದ್ದುದರಿಂದ ಅವಳು ತಂಗಿಗೆ ಫೋನು ಮಾಡಲು ಪಕ್ಕದ ಮನೆಗೆ ಹೋಗಿದ್ದಳು. ಅವರ ಹಿತ್ತಿಲಲ್ಲಿ, ಆಂಟೆನಾ ಪೂರ್ತಿ ಎಳೆದ ಫೋನನ್ನು ಕಿವಿಗಿಟ್ಟುಕೊಂಡು, ನನ್ನನ್ನೇ ನೋಡುತ್ತ ನಿಂತಿದ್ದಳು. ನಾನು ಫೋನನ್ನು ಬೆನ್ನ ಹಿಂದೆ ಬಚ್ಚಿಟ್ಟೆ.

"ನಾವೇನು ಬೇಕಂತ ಕೇಳ್ಲಿಲ್ರಿ ಮಾಸ್ತರ್ರೆ!" ನೀಲಮ್ಮ ಕೆಳಗಿನಿಂದಲೇ ಕೂಗಿದರು. "ಫೋನ್ ಎತ್ತಿದ್ವಿ, ನೀವೇ ಒಳಗಿದ್ರಿ!" ಎರಡೂ ಫೋನು ಒಂದೇ ಚಾನಲ್ಲಿನಲ್ಲಿದ್ದವು; ದಾದಾಪೀರ್ ಹೇಳಹೊರಟಿದ್ದು ಇದನ್ನೇ.

ಮರುದಿನ ಬೆಳಗಿನ ರೈಲಿಗೆ ಸರೋಜ ನನ್ನನ್ನು ಬೆಂಗಳೂರಿಗೆ ಹೊರಡಿಸಿದಳು. ಹುಡುಗಿಯನ್ನು ನೋಡಿಕೊಳ್ಳಲು ಅಕ್ಕ ಹರಿಹರದಿಂದ ಬಂದಳು. ಬೆಂಗಳೂರಿನ ಡಾಕ್ಟರು ಚೀಟಿಯನ್ನು ಒಂದೇ ಸಲ ನೋಡಿ, ಆಸ್ಪತ್ರೆಯ ಮಂಚ ತೋರಿಸಿದರು. ಪರೀಕ್ಷೆಯವರೆಗೆ ಕಾಯುವ ನನ್ನ ಯೋಜನೆಯನ್ನು ಹೇಳಿದಾಗ ಅವರು ನಗಲಿಲ್ಲ.

ಅಂದು ಫೋನಿನಲ್ಲಿ ಆ ಮಾತು ಕೇಳಿಸಿಕೊಂಡವರಲ್ಲಿ ಅಕ್ಕ ಈಗಿಲ್ಲ. ನೀಲಮ್ಮನವರು ವಿದ್ಯಾನಗರದ ಮಗಳ ಮನೆಯಲ್ಲಿದ್ದಾರೆ. ಸರೋಜ ಒಳಗಿದ್ದಾಳೆ. ನಾನೂ ಇದ್ದೇನೆ. ನನ್ನ ಗುಟ್ಟು ನಾನಂದುಕೊಂಡಂತೆ ಭದ್ರವಾಗಿದ್ದಿದ್ದರೆ, ಈ ಪಟ್ಟಿಯನ್ನು ಬೇರೆ ಯಾರಾದರೂ ಬರೆಯಬೇಕಾಗುತ್ತಿತ್ತು.